ಕದಲಬಾರದಿದ್ದ ಕಂಬ

ಎಂಬತ್ತರ ದಶಕದಲ್ಲಿ ನಾನು ಮಾಡುತ್ತಿದ್ದ ಕೆಲಸ ಏನೆಂದು ಅಮ್ಮನಿಗೆ ಕೊನೆಗೂ ಅರ್ಥವಾಗಲಿಲ್ಲ. ಫಳ್ನೀರಿನ ಒಂದು ಮನೆಯ ತಾರಸಿಯಲ್ಲಿ ಮುಕ್ಕಾಲಿಯ ಮೇಲೆ ಕಂಬ ನಿಲ್ಲಿಸಿಕೊಂಡು ಕೂರುವುದು, ಅಷ್ಟೇ. ಕಂಬದ ತುದಿಯಲ್ಲಿ ಆಂಟೆನಾ. ಉಪಗ್ರಹ ಹಾದುಹೋಗುವಾಗ ನನ್ನ ಯಂತ್ರ ಅದನ್ನು ಕೇಳಿ, ‘ನೀನು ಇಲ್ಲಿದ್ದೀ’ ಎಂದು ಒಂದು ಜಾಗ ಹೇಳುತ್ತಿತ್ತು. ಯಾವಾಗಲೂ ಸ್ವಲ್ಪ ಸುಳ್ಳೇ. ಆದರೆ ಕಂಬದ ನಿಜವಾದ ಜಾಗವನ್ನು ನಾವು ಮೊದಲೇ ಅಳೆದು, ಸಿಮೆಂಟಿನಲ್ಲಿ ಗುರುತು ಕೊರೆದಿದ್ದೆವು. ಎರಡಕ್ಕೂ ಇರುವ ವ್ಯತ್ಯಾಸವೇ ಆ ಹೊತ್ತಿನ ತಪ್ಪು. ಸಮುದ್ರದಲ್ಲಿ ಲಂಗರು ಹಾಕಿ ಅದೇ ಉಪಗ್ರಹವನ್ನು ಕೇಳುತ್ತಿದ್ದ ನಮ್ಮ ಸರ್ವೆ ಬೋಟಿಗೂ ಹೆಚ್ಚುಕಡಿಮೆ ಅದೇ ತಪ್ಪು ಬಂದಿರುತ್ತದೆ. ನಾನು ವಯರ್‌ಲೆಸ್ಸಿನಲ್ಲಿ ಅಂಕಿ ಓದಿದರೆ, ಅವರು ಅಷ್ಟನ್ನು ಕಳೆದು ತಮ್ಮ ಜಾಗ ತಿಳಿದುಕೊಳ್ಳುತ್ತಿದ್ದರು.

ಆ ಬೋಟಿನ ಚುಕ್ಕಾಣಿ ಹಿಡಿಯುತ್ತಿದ್ದವರು ನನ್ನ ಅಕ್ಕನ ಗಂಡ. ಬಾವನನ್ನು ಆ ಕೆಲಸಕ್ಕೆ ಸೇರಿಸಿದವನೂ ನಾನೇ. ಅಳಿವೆಯ ಹೊರಗೆ ನೀರಿನಡಿ ಒಂದು ಬಂಡೆ ಇತ್ತು. ಅದರಿಂದ ಮೂವತ್ತೇ ಹೆಜ್ಜೆ ದೂರದಲ್ಲಿ ಸಾಗುತ್ತ ಅವರು ಸುತ್ತಲಿನ ಆಳ ಅಳೆಯಬೇಕಿತ್ತು.

ಮೇ ತಿಂಗಳ ಒಂದು ಬೆಳಿಗ್ಗೆ ಮನೆಯೊಡತಿ, ವಯಸ್ಸಾದ ಕ್ರಿಶ್ಚಿಯನ್ ಬಾಯಮ್ಮ, ಹಲಸಿನ ಹಪ್ಪಳದ ಚಾಪೆ ಹೊತ್ತು ಮೇಲೆ ಬಂದರು.

“ಪುತಾ, ನಿನ್ನ ಕಂಬದಲ್ಲಿ ಕಾಗೆ ಕೂತುಕೊಳ್ತದೆ ಮಾರಾಯ. ನನ್ನ ಹಪ್ಪಳ ಎಲ್ಲ ಅದಕ್ಕೇ ಆಯ್ತು. ಸ್ವಲ್ಪ ಆಚೆ ಇಡ್ಲಿಕ್ಕೆ ಎಂತ?”

ದಿನಾ ಹತ್ತು ಗಂಟೆಗೆ ಚಹಾ ಕೊಡುವವರಿಗೆ ಇಲ್ಲ ಅನ್ನುವುದು ಹೇಗೆ? ಕಂಬವನ್ನು ಇಪ್ಪತ್ತೈದು ಹೆಜ್ಜೆ ಆಚೆ, ತಾರಸಿಯ ಇನ್ನೊಂದು ತುದಿಗೆ ಒಯ್ದೆ. ಉಪಗ್ರಹ ಬರುವ ಮೊದಲು ವಾಪಸು ತಂದಿಡೋಣ ಎಂದುಕೊಂಡವನು ಮರೆತೇಬಿಟ್ಟೆ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂಬ ಗಾದೆ ನನ್ನಂಥ ಪೆದ್ದರಿಗೇ ಮಾಡಿದ್ದು.

ಉಪಗ್ರಹ ಬಂದು ಹೋಯಿತು. ಲೆಕ್ಕ ಮಾಡಿ, ಅಂಕಿ ಓದಿದೆ. “ಸರಿ, ಹೊರಟೆವು” ಎಂದರು ಬಾವ. ಆಮೇಲೆ ಚಹಾ ಲೋಟ ಕೆಳಗಿಡಲು ಬಗ್ಗಿದಾಗ, ಚಾಪೆಯ ಅಂಚಿನಲ್ಲಿ ಸಿಮೆಂಟಿನ ಗುರುತು ಕಂಡಿತು. ಅದರ ಮೇಲೆ ಕಂಬ ಇರಲಿಲ್ಲ.

ಆ ಇಪ್ಪತ್ತೈದು ಹೆಜ್ಜೆಯೂ ನಾನು ಓದಿದ ತಪ್ಪಿನ ಅಂಕಿಗೆ ಸೇರಿಹೋಗಿತ್ತು. ಕಂಬ ಸರಿದಷ್ಟೇ ಹೆಜ್ಜೆ ಬೋಟನ್ನೂ ಸರಿಸಿದ್ದೆ, ಅದೂ ಬಂಡೆಯ ಕಡೆಗೆ. ಮೂವತ್ತರಲ್ಲಿ ಇಪ್ಪತ್ತೈದು ಹೋದರೆ ಉಳಿಯುವುದು ಎಷ್ಟೆಂದು ಯಾರಿಗಾದರೂ ಗೊತ್ತು. ಮೈಕು ಹಿಡಿದೆ. ಆದರೆ ಒತ್ತಲಿಲ್ಲ. ಪಡೀಲಿನ ನಮ್ಮ ಆಫೀಸಿನಲ್ಲಿ ಧಣಿಗಳೂ ಅದೇ ವಯರ್‌ಲೆಸ್ ಕೇಳುತ್ತ ಕೂತಿರುತ್ತಾರೆ. ಹಪ್ಪಳಕ್ಕಾಗಿ ಕಂಬ ಸರಿಸಿದೆ ಎಂದರೆ ನಾಳೆಯಿಂದ ಕೆಲಸವಿಲ್ಲ. ಕಂಬವನ್ನು ಮೊದಲಿನ ಜಾಗಕ್ಕೆ ತಂದಿಟ್ಟು, ಏನೂ ಆಗಲಾರದು, ಬೋಟು ಇನ್ನೂ ದೂರ ಇದ್ದೀತು ಎಂದು ನನಗೆ ನಾನೇ ಹೇಳಿಕೊಂಡೆ. ಹೀಗೇ ಹತ್ತು ನಿಮಿಷ ಕಳೆದೆ. ಗಡಿಯಾರ ನೋಡುತ್ತಲೇ ಇದ್ದೆ, ಹಾಗಾಗಿ ಹತ್ತು ಎಂದು ಖಚಿತವಾಗಿ ಗೊತ್ತು.

ಕೊನೆಗೆ ಹೆದರಿಕೆ ತಡೆಯಲಾಗದೆ ಕಿರುಚಿದೆ: “ಬಾವ, ನಿಲ್ಲಿಸಿ! ನನ್ನ ಅಂಕಿ ತಪ್ಪು! ಕಂಬ ಅದರ ಜಾಗದಲ್ಲಿ ಇರಲಿಲ್ಲ!”

ಮತ್ತೆ ಕೂಗಿದೆ. ಬರೀ ಗರಗರ. ಅಕ್ಕನಿಗೆ ಎಂತ ಹೇಳುವುದು ಎಂದು ಯೋಚಿಸತೊಡಗಿದ್ದೆ.

“ನಿಲ್ಲಿಸಿದ್ದೇನೆ ಮಾರಾಯ,” ಎಂದರು ಬಾವ. “ಎದುರಿಗೇ ನೀರು ಬೆಳ್ಳಗೆ ಒಡೆಯುತ್ತಾ ಉಂಟು. ನೀನು ಕೂಗದಿದ್ದರೆ ಬಂಡೆ ಹತ್ತಿಯೇ ಬಿಡ್ತಿದ್ದೆವು. ಯಾವಾಗ ಗೊತ್ತಾಯ್ತು ನಿನಗೆ?”

“ಈಗಷ್ಟೇ,” ಅಂದೆ.

ಧಣಿಗಳು ಒಂದು ವಾರದ ಸಂಬಳ ಹಿಡಿದು ಸುಮ್ಮನಾದರು. ಆ ಭಾನುವಾರ ಅಕ್ಕನ ಮನೆಯಲ್ಲಿ ಊಟ. ತಪ್ಪು ಗೊತ್ತಾದ ಕೂಡಲೇ ಇವನು ಕೂಗಿದ, ತನ್ನ ಮರ್ಯಾದೆ ಕೂಡ ನೋಡಲಿಲ್ಲ ಎಂದು ಬಾವ ಎಲ್ಲರೆದುರು ಹೇಳಿದರು. ಅಕ್ಕ ಕಣ್ಣೊರೆಸಿಕೊಂಡು ಅಂಜಲ್ ಮೀನಿನ ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕಿದಳು. ನಾನು ತಲೆ ಎತ್ತದೆ ತಿಂದೆ.