ದೇಜಪ್ಪನ ಕಾಲದ ಒಲೆ

ಕತಾರಿನ ಉತ್ತರ ತೀರದಲ್ಲಿ ಜನ ಎಂದೋ ಬಿಟ್ಟುಹೋದ ಒಂದು ಮೀನುಗಾರರ ಹಳ್ಳಿ. ಅದನ್ನು ಅಗೆಯಲು ಬಂದ ಪುರಾತತ್ವದವರ ಬಿಡಾರಕ್ಕೆ ದೇಜಪ್ಪನೇ ಅಡುಗೆಯವ, ದೇಜಪ್ಪನೇ ಡ್ರೈವರ್. ಕಾರ್ಕಳದ ಕಡೆಯವ, ದೋಹಾದ ನಜ್ಮಾ ಬಡಾವಣೆಯ ಕೆಫೆಟೇರಿಯಾವೊಂದರಲ್ಲಿ ಹನ್ನೆರಡು ವರ್ಷ ಸೌಟು ತಿರುಗಿಸಿ ಬಂದವ. ತನ್ನ ಮೀನುಸಾರು ಉಂಡವರು ಬೆರಳು ಹತ್ತೂ ಇವೆಯೇ ಎಂದು ಎಣಿಸಿಕೊಳ್ಳಬೇಕು ಎಂದು ಅವನೇ ಹೇಳುತ್ತಿದ್ದ.

ಅಲ್ಲಿಯ ಯಜಮಾನಿ ವೆರೋನಿಕಾ ಮೇಡಂ. ಇಂಗ್ಲೆಂಡಿನಲ್ಲಿ ರೋಮನ್ನರ ಕಾಲದ ಹಳ್ಳಿಗಳನ್ನು ಕೆರೆದು ಕೆರೆದು ಕೈ ಪಳಗಿದವರು. ಅವರದು ಒಂದೇ ಕಟ್ಟಳೆ: ಹಗ್ಗ ಕಟ್ಟಿದ ಗೆರೆಯೊಳಗೆ ಬೆಂಕಿ ಹಚ್ಚಿದವನ ಕೆಲಸ ಖಲಾಸ್.

ಎರಡು ಸಾವಿರದ ಆರರ ಚಳಿಗಾಲದ ಒಂದು ಶುಕ್ರವಾರ. ಎಲ್ಲರೂ ಗಾಡಿಯನ್ನು ತಾವೇ ಓಡಿಸಿಕೊಂಡು ದೋಹಾಕ್ಕೆ ಹೋಗಿದ್ದಾರೆ, ಬಿಡಾರದಲ್ಲಿ ಗ್ಯಾಸ್ ಮುಗಿದಿದೆ, ಹೊರಗೆ ಗಾಳಿಯೋ ಗಾಳಿ. ದೇಜಪ್ಪ ಮೆಲ್ಲಗೆ ಹಗ್ಗ ದಾಟಿದ. ಮುರುಕು ಗೋಡೆಯ ಮರೆಯಲ್ಲಿ ಮೂರು ಕಲ್ಲಿಟ್ಟು, ಊರಿಂದ ತಂದ ಮಣ್ಣಿನ ಚಟ್ಟಿಯಲ್ಲಿ ಬಂಗುಡೆ ಸಾರಿಗಿಟ್ಟ. ಕುದಿ ಬರುವಾಗ ಚಟ್ಟಿ ಟಪ್ಪೆಂದು ಎರಡು ಹೋಳು! ಸಾರೆಲ್ಲ ಬೆಂಕಿಗೆ ನೈವೇದ್ಯ. ಬೂದಿ, ಹೋಳು, ಮೀನು, ತೆಂಗಿನ ಕರಟ, ಎಲ್ಲದರ ಮೇಲೆ ಬೆಕ್ಕಿನ ಹಾಗೆ ಮಣ್ಣೆಳೆದು ಬಂದ.

ಮರುವರ್ಷ ಅಗೆತ ನೇರ ಅಲ್ಲಿಗೇ ಬಂತು.

"ದೇಜಪ್ಪನೋರೇ, ಬನ್ನಿ ಬನ್ನಿ! ಎಂಥಾ ಒಲೆ ಸಿಕ್ಕಿದೆ ನೋಡಿ!" ಎಂದು ಕೂಗಿದ್ದು ನಕ್ಷೆ ಬರೆಯುವ ಮೈಸೂರಿನ ಮುದ್ದುಕೃಷ್ಣ. "ತೆಂಗಿನ ಕರಟ ಇದೆ! ಇನ್ನೂರು ವರ್ಷದ ಹಿಂದೆ ನಮ್ಮ ಕಡೆಯಿಂದ ಹಡಗು ಬರ್ತಿತ್ತು ಅನ್ನೋದಕ್ಕೆ ಸಾಕ್ಷಿಯಂತೆ. ನಾಳೆ ದೋಹಾದಿಂದ ದೊಡ್ಡೋರೆಲ್ಲ ನೋಡೋಕೆ ಬರ್ತಿದ್ದಾರೆ."

ದೇಜಪ್ಪ ಗುಂಡಿಗೆ ಇಣುಕಿದ. ತನ್ನದೇ ಚಟ್ಟಿಯ ಹೋಳು! ಬಾಯಿ ಬಿಟ್ಟರೆ ಬಣ್ಣಗೇಡು. ಮೇಲಿಂದ ಊರಿಗೆ ಟಿಕೆಟ್ಟು. ತುಟಿ ಹೊಲಿದುಕೊಂಡು ನಿಂತ.

ಮೇಡಂ ಒಂದು ಹೋಳೆತ್ತಿ, ಒಳಮೈಯ ಕಪ್ಪು ತೋರಿಸಿ, ಏನೋ ಹೇಳಿ ನಕ್ಕರು.

"ಎಂತ ಹೇಳ್ತಾರೆ ಸಾರ್?"

"ಮೀನೆಲ್ಲ ಕರಕಲು. ಪಾಪ, ಈ ಅಡುಗೆಯವನಿಗೆ ಅಡುಗೇನೇ ಬರ್ತಿರಲಿಲ್ಲ ಅಂತಾರೆ."

ದೇಜಪ್ಪ ಸಹಿಸಿದ, ಒಂದು ಉಸಿರಿನಷ್ಟು ಹೊತ್ತು.

"ಬರ್ತಿರ್ಲಿಲ್ವಾ? ಎಂತ ಮಾರಾಯ್ರೆ, ಸಾರು ಫಸ್ಟ್ ಕ್ಲಾಸ್ ಇತ್ತು! ಚಟ್ಟಿ ಒಡೆದದ್ದು! ಚಟ್ಟಿ ಒಡೆದ್ರೆ ನಾನೆಂತ ಮಾಡ್ಲಿಕ್ಕುಂಟು?"

ಮುದ್ದುಕೃಷ್ಣನ ಕೈಯಿಂದ ಪೆನ್ಸಿಲು ಬಿತ್ತು. "ನೀವಾ?"

"ಹೌದು, ನಾನೇ. ಹೇಳಿ ಅವರಿಗೆ. ಕೆಲಸ ಹೋದ್ರೆ ಹೋಗ್ಲಿ!"

ಮುದ್ದುಕೃಷ್ಣ ಹೇಳಿದ. ಮೇಡಂ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು. ಕೊನೆಗೆ ಹೊಟ್ಟೆ ಹಿಡಿದುಕೊಂಡು ನಗುತ್ತಾ ಗುಂಡಿಯಲ್ಲೇ ಕುಳಿತುಬಿಟ್ಟರು. ನಾಳೆ ದೊಡ್ಡವರ ಮುಂದೆ ಹೋಗಬೇಕಿದ್ದ ಮಾನ ಈ ಬಾಯಿಬಡುಕನಿಂದ ಉಳಿದಿತ್ತಲ್ಲ! ದೇಜಪ್ಪನ ಕೆಲಸವೂ ಉಳಿಯಿತು. ಶಿಕ್ಷೆ ಇಷ್ಟೇ: ಬರುವ ದೊಡ್ಡವರಿಗೆ ಅದೇ ಸಾರು ಮಾಡಬೇಕು, ಬಿಡಾರದ ಗ್ಯಾಸಿನ ಮೇಲೆ.

ಹೋಳುಗಳನ್ನು ಚೀಲಕ್ಕೆ ತುಂಬಿ ಮೇಡಂ ಚೀಟಿ ಬರೆದರು. ಮುದ್ದುಕೃಷ್ಣ ಓದಿ ಹೇಳಿದ: "ದೇಜಪ್ಪನ ಕಾಲ. ಕ್ರಿಸ್ತಶಕ ಎರಡು ಸಾವಿರದ ಆರು."

ದೇಜಪ್ಪ ಬಗ್ಗಿ ಚೀಟಿಯನ್ನೇ ನೋಡಿದ. "ಅದೆಲ್ಲ ಸರಿ ಸಾರ್. ಕರಕಲು ಅಂತ ಎಲ್ಲಿಯೂ ಬರೆದಿಲ್ಲ ಅಲ್ವಾ?"