ಸೊಪ್ಪಿನಕ್ಕ ಮತ್ತು ಬೋಳಾದ ನಿತ್ಯಪುಷ್ಪ

ಬೀದಿಯವರೆಲ್ಲ ಅವಳನ್ನು ಸೊಪ್ಪಿನಕ್ಕ ಎಂದೇ ಕರೆಯುತ್ತಿದ್ದರು. ಹಾಗೆಂದು ಅವಳೇನೂ ಸೊಪ್ಪು ಮಾರುವವಳಲ್ಲ. ಔಷಧ ಸಂಶೋಧನೆಯ ಪ್ರಯೋಗಾಲಯದಲ್ಲಿ ಎಲೆ, ತೊಗಟೆ, ಬೇರುಗಳನ್ನು ಒಣಗಿಸಿ, ಪುಡಿಮಾಡಿ, ಸ್ಪಿರಿಟ್ಟಿನಲ್ಲಿ ನೆನೆಹಾಕಿ ಸಾರ ತೆಗೆಯುವುದು ಅವಳ ಕೆಲಸ. ಆ ಸಾರವನ್ನು ಮಹಡಿಯ ಮೇಲಿನವರು ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ, ಸಾಯುತ್ತವೆಯೇ ಎಂದು ಕಾಯುತ್ತಾರೆ. ಸಾಮಾನ್ಯವಾಗಿ ಸಾಯುವುದಿಲ್ಲ.

"ಏನಂತೆ ಮೇಡಂ, ನನ್ನ ತೊಗಟೆ ಸಮಾಚಾರ?" ಎಂದು ಅವಳು ಮೆಟ್ಟಿಲ ಬುಡದಲ್ಲೇ ನಿಂತು ಕೂಗುವಳು.

"ಕೋಶಗಳು ಅದನ್ನೇ ಚೆನ್ನಾಗಿ ಕುಡಿದು ಇನ್ನೂ ದಪ್ಪ ಆಗಿವೆ ಕಣೇ," ಎಂದು ಮೇಲಿನಿಂದ ವಿಜ್ಞಾನಿ ಮೇಡಂ ನಗುವರು.

ಅಪ್ಪನ ಸುಗಂಧದೆಣ್ಣೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಭಟ್ಟಿ ಇಳಿಸುವುದನ್ನು ನೋಡುತ್ತ ಬೆಳೆದವಳು ಅವಳು. ಹೂವಿನೊಳಗಿನ ವಾಸನೆ ಹನಿಯಾಗಿ ಕೆಳಗಿಳಿಯುವುದು ಅವಳಿಗೆ ಚಿಕ್ಕಂದಿನಿಂದಲೂ ಸೋಜಿಗ. ಅಂಗಡಿ ಮುಚ್ಚಿದ ಮೇಲೆ ತರಬೇತಿ ಪಡೆದು ಈ ಕೆಲಸಕ್ಕೆ ಸೇರಿದಳು. ಒಂದೇ ಬೇಸರವೆಂದರೆ ಇಲ್ಲಿಯ ಹನಿಗಳು ಘಮಘಮಿಸುವುದಿಲ್ಲ. ಬಸ್ ಓಡಿಸುವ ಗಂಡ ಸಂಜೆ ಅವಳು ಒಳಗೆ ಕಾಲಿಟ್ಟ ಕೂಡಲೇ ಮೂಗರಳಿಸಿ, "ಇವತ್ತು ಬೇರು ಇರಬೇಕು," ಎನ್ನುವನು. ಬಹುಮಟ್ಟಿಗೆ ಅವನ ಊಹೆ ಸರಿಯಿರುತ್ತಿತ್ತು.

ಹೀಗೆ ವರ್ಷಗಟ್ಟಲೆ ಕೋಶಗಳು ದಪ್ಪಗಾಗುತ್ತಿರಲು, ಒಂದು ದಿನ ಮೇಡಂ ಎರಡೆರಡು ಮೆಟ್ಟಿಲು ಹಾರಿಕೊಂಡು ಕೆಳಗಿಳಿದು ಬಂದರು. ಮುಳ್ಳುಪೊದೆಯೊಂದರ ಬೇರಿನ ಸಾರಕ್ಕೆ ತಟ್ಟೆಯಲ್ಲಿದ್ದ ಕೋಶಗಳೆಲ್ಲ ನೆಲಕಚ್ಚಿದ್ದವು. "ಇನ್ನೂ ಏನೂ ಹೇಳೋಕಾಗಲ್ಲ, ಸಾರದಲ್ಲಿ ಯಾವುದು ಕೆಲಸ ಮಾಡ್ತು ಅಂತ ಬಿಡಿಸಿ ನೋಡ್ಬೇಕು," ಎನ್ನುತ್ತಲೇ ಅವರು ಅವಳ ಎರಡೂ ಕೈ ಹಿಡಿದು ಕುಣಿದುಬಿಟ್ಟರು.

ಸೊಪ್ಪಿನಕ್ಕ ಮನೆಗೆ ಬಂದು ಇದನ್ನು ಅತ್ತೆಗೆ ಹೇಳಿದಳು. ಹೇಳಬಾರದಿತ್ತು. ಅತ್ತೆಯ ಬಾಯಲ್ಲಿ ಮಾತು ನಿಲ್ಲುವುದಿಲ್ಲ. "ಇನ್ನೂ ಏನೂ ಹೇಳೋಕಾಗಲ್ಲ" ಎಂಬ ಭಾಗ ಹೊಸ್ತಿಲಲ್ಲೇ ಉದುರಿಹೋಯಿತು. ಬೆಳಗಾಗುವಷ್ಟರಲ್ಲಿ ಸೊಸೆ ಕ್ಯಾನ್ಸರಿಗೆ ಮದ್ದು ಕಂಡುಹಿಡಿದಿದ್ದಾಳೆ ಎಂದು ಬೀದಿಗೆ ಬೀದಿಯೇ ಮಾತಾಡುತ್ತಿತ್ತು. ಹಾಲಿನವನು ಕೈಮುಗಿದ. ಇಸ್ತ್ರಿಯವಳು ತನ್ನ ಮೊಣಕಾಲು ನೋವಿಗೂ ಒಂದಿಷ್ಟು ಎಲೆ ಕೇಳಿದಳು.

"ಅತ್ತೆ, ಯಾಕೆ ಹೀಗೆ ಮಾನ ಕಳೀತೀರಿ?"

"ನಾನೇನು ಕಳೀತಿದೀನಿ, ನಿನ್ನ ಹೆಸರು ಮಾಡ್ತಿದೀನಿ!"

ಇದಾದ ಕೆಲವು ದಿನಕ್ಕೆ ಕಾಂಪೌಂಡಿನ ಮೇಲಿದ್ದ ಅತ್ತೆಯ ನಿತ್ಯಪುಷ್ಪದ ಕುಂಡ ಬೋಳಾಯಿತು. ಹೂವು ಹಾಗೇ ಇದ್ದವು, ಎಲೆ ಮಾತ್ರ ಇರಲಿಲ್ಲ. ಮೇಕೆಯಾಗಿದ್ದರೆ ಹೂವನ್ನೂ ಬಿಡುತ್ತಿರಲಿಲ್ಲ. ಇದು ಕತ್ತರಿ ಹಿಡಿದವರ ಕೆಲಸವೆಂದು ಸೊಪ್ಪಿನಕ್ಕ ನೇರ ಪಕ್ಕದ ಮನೆಗೆ ಹೋದಳು. ಅಲ್ಲಿದ್ದವನು ಟೈಲರಣ್ಣ. ಕುತ್ತಿಗೆಯಲ್ಲಿ ಗಂಟುಗಳೆದ್ದು, ಅದು ದುಗ್ಧರಸ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿದು, ಆಸ್ಪತ್ರೆಯಲ್ಲಿ ಆಗಾಗ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದ. ಹೊಲಿಗೆ ಯಂತ್ರದ ಪಕ್ಕದ ಸ್ಟವ್ ಮೇಲೆ ಹಸಿರು ನೀರು ಕುದಿಯುತ್ತಿತ್ತು.

"ಎಲೆ ಕದ್ದಿದ್ದು ನಾನೇ," ಎಂದು ಅವನು ತಲೆತಗ್ಗಿಸಿದ. "ನಿಮ್ಮತ್ತೆ ಹೇಳಿದ್ರಲ್ಲ, ಎಲೆಯಲ್ಲೇ ಮದ್ದಿದೆ ಅಂತ. ಯಾವ ಎಲೆ ಅಂತ ಹೇಳ್ಲಿಲ್ಲ. ಈ ಕಾಯಿಲೆಗೆ ನಿತ್ಯಪುಷ್ಪ ಒಳ್ಳೇದು ಅಂತ ಕೇಳಿದ್ದೆ."

"ಡ್ರಿಪ್ಪು?"

"ಈ ಸಲ ಹೋಗ್ಲಿಲ್ಲಕ್ಕ. ಕೂದಲೆಲ್ಲ ಹೋಯ್ತು, ಬೆರಳು ಜೋಮು ಹಿಡಿದು ಸೂಜಿಗೆ ದಾರ ಪೋಣಿಸೋಕಾಗ್ತಿಲ್ಲ. ಟೈಲರು ಬಟನ್ ಹಚ್ಚದೆ ಇದ್ರೆ ಟೈಲರಾ?"

ಸೊಪ್ಪಿನಕ್ಕ ಮೊದಲು ಸ್ಟವ್ ಆರಿಸಿದಳು. ಎಷ್ಟು ಕುಡಿದೆ ಎಂದು ಕೇಳಿದಳು. ನಿನ್ನೆ ಒಂದು ಲೋಟ, ಆಮೇಲೆ ಬರೀ ವಾಂತಿ, ಎಂದ. ಬಯ್ಯಬೇಕೆಂದು ಬಾಯಿ ತೆರೆದವಳು, ಅವನ ಬೋಳು ತಲೆಯನ್ನೂ ಕಿಟಕಿಯಿಂದ ಕಾಣುತ್ತಿದ್ದ ಬೋಳು ಕುಂಡವನ್ನೂ ಒಟ್ಟಿಗೆ ಕಂಡು, ತಡೆಯಲಾಗದೆ ನಕ್ಕುಬಿಟ್ಟಳು. ಅವನೂ ನಕ್ಕ. ಕುಡಿದದ್ದು ಏನೆಂದು ಆಸ್ಪತ್ರೆಗೆ ಆಗಲೇ ಫೋನಿನಲ್ಲಿ ಅವನಿಂದಲೇ ಹೇಳಿಸಿದಳು. ಮಾರನೆಯ ದಿನವೇ ಬರಬೇಕೆಂದರು. ಹೋಗುವ ದಾರಿಯಲ್ಲಿ, ಮೇಡಂ ಒಪ್ಪಿಗೆ ಪಡೆದು, ಅವನನ್ನು ಪ್ರಯೋಗಾಲಯಕ್ಕೆ ಕರೆದೊಯ್ದಳು.

ಕೆಳಗಿನ ಕೋಣೆಯಲ್ಲಿ ಒಣ ಎಲೆಯ ಚೀಲಗಳನ್ನು ಸೂರಿನವರೆಗೆ ಪೇರಿಸಿದ್ದರು. ಅರೆಯುವ ಯಂತ್ರದ ಸದ್ದಿಗೆ ನೆಲ ನಡುಗುತ್ತಿತ್ತು. ಸೊಪ್ಪಿನಕ್ಕ ಶೀತಪೆಟ್ಟಿಗೆಯಿಂದ ಒಂದು ಪುಟ್ಟ ಸೀಸೆ ತೆಗೆದು ಬೆಳಕಿಗೆ ಹಿಡಿದಳು. ತಳದಲ್ಲಿ ಧೂಳಿನಷ್ಟು ಬಿಳಿ ಪುಡಿ.

"ಹೊಸ ಸಾರಗಳನ್ನ ಹೋಲಿಸಿ ನೋಡೋಕೆ ಇಟ್ಟಿರೋ ಹಳೇ ಮದ್ದು ಇದು. ಎಲ್ಲಿಂದ ಬಂದಿದ್ದು ಗೊತ್ತಾ? ನೀನು ಕದ್ದ ಗಿಡದಿಂದ. ನಿನ್ನ ಡ್ರಿಪ್ಪಲ್ಲೂ ಇದೇ ಇರೋದು, ಆಸ್ಪತ್ರೆ ಚೀಟಿ ನೋಡಿದೀನಿ."

ಟೈಲರಣ್ಣನ ಕಣ್ಣು ಅರಳಿತು. "ಹಾಗಾದ್ರೆ ಸರಿಯಾದ ಗಿಡಕ್ಕೇ ಕೈಹಾಕಿದೀನಿ!"

"ಗಿಡವೇನೋ ಸರಿ. ಆದ್ರೆ ಈ ಕೋಣೆ ತುಂಬ ಎಲೆ ತುಂಬಿದ್ರೂ ಸಿಗೋದು ಒಂದು ಚಿಟಿಕೆ. ಎಲೆಯಲ್ಲಿ ಇದರ ಜೊತೆ ಇನ್ನೂ ಏನೇನೋ ಇದೆ, ವಿಷವೂ ಇದೆ. ಅದನ್ನೆಲ್ಲ ಬೇರೆ ಮಾಡಿ, ಇದೊಂದನ್ನೇ ಅಳೆದು, ತೂಗಿ, ನಿನ್ನ ಮೈಗೆ ತಕ್ಕಷ್ಟು ಕೊಡ್ತಾರೆ."

ಅವನು ಸೀಸೆಯನ್ನೂ ಚೀಲಗಳನ್ನೂ ಸ್ವಲ್ಪ ಹೊತ್ತು ನೋಡಿದ. "ಅಂದ್ರೆ ನಾನು ಹತ್ತಿ ಗಿಡ ಸುತ್ಕೊಂಡು, ಅಂಗಿ ಹಾಕಿದೀನಿ ಅಂದ್ಕೊಂಡಿದ್ದೆ."

ಮೆಟ್ಟಿಲ ಬಳಿ ನಿಂತು ಕೇಳುತ್ತಿದ್ದ ಮೇಡಂ ಅರೆಯುವ ಯಂತ್ರದ ಸದ್ದನ್ನೂ ಮೀರಿ ನಕ್ಕರು.

ಅಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ಸೊಪ್ಪಿನಕ್ಕನೇ ಜೊತೆಗೆ ಕೂತು, ಬಾಟಲಿಯಿಂದ ಹನಿಗಳು ಇಳಿಯುವುದನ್ನು ನೋಡಿದಳು. ವೈದ್ಯರು ಎಲೆಯ ವಿಷಯಕ್ಕೆ ಅವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಬೆರಳಿನ ಜೋಮು ಕೇಳಿ, ಮದ್ದಿನ ಪ್ರಮಾಣ ಇಳಿಸಿದರು. ಅದೊಂದು ಮಾತನ್ನು ಅವನು ಮೊದಲೇ ಹೇಳಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ತಿಂಗಳುಗಳು ಕಳೆದಂತೆ ಕುತ್ತಿಗೆಯ ಗಂಟುಗಳು ಒಂದೊಂದಾಗಿ ಕರಗಿದವು. ತಲೆಯಲ್ಲಿ ಮೊದಲಿಗಿಂತ ಗುಂಗುರಾದ ಕೂದಲು ಬಂತು. ಅದನ್ನು ಅವನು ದಾರಿಹೋಕರಿಗೆಲ್ಲ ಮುಟ್ಟಿ ನೋಡಿ ಎನ್ನುತ್ತಿದ್ದ. ಅತ್ತೆಗೆ ಹೊಸ ಕುಂಡವೂ ಬಂತು.

ಆದರೆ ಮುಳ್ಳುಪೊದೆಯ ಕಥೆ ಹಾಗಾಗಲಿಲ್ಲ. ಮೇಡಂ ಸಾರವನ್ನು ಬಿಡಿಸಿ ಬಿಡಿಸಿ ನೋಡಿದಾಗ, ಕ್ಯಾನ್ಸರ್ ಕೋಶಗಳನ್ನು ಕೊಂದ ಅಂಶವೇ ಒಳ್ಳೆಯ ಕೋಶಗಳನ್ನೂ ಬಿಡದೆ ಕೊಲ್ಲುತ್ತಿತ್ತು. ಸೊಪ್ಪಿನಕ್ಕ ಅಂದು ಮಂಕಾಗಿ ಮನೆಗೆ ಬಂದು, ಊಟಕ್ಕೆ ಕೂತಾಗ ಮೆಲ್ಲಗೆ ವಿಷಯ ಹೇಳಿದಳು. ಅತ್ತೆ ಸೊಸೆಯ ತಟ್ಟೆಗೆ ಇನ್ನಷ್ಟು ಬಡಿಸಿದರು.

"ಪ್ರಪಂಚದಲ್ಲಿ ಇನ್ನೂ ಗಿಡ ಉಳಿದಿದೆಯೇನೇ, ನೀನು ನೋಡದೇ ಇರೋದು?"

"ಬೇಕಾದಷ್ಟಿದೆ ಅತ್ತೆ."

"ಮತ್ತೆ ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯ? ತಿನ್ನು. ನಾಳೆ ಯಾವುದು?"

"ಒಂದು ಬಳ್ಳಿ ಬಂದಿದೆ," ಎಂದಳು ಸೊಪ್ಪಿನಕ್ಕ. "ಕೆಟ್ಟ ವಾಸನೆ."

ಗಂಡ ತನ್ನ ತಟ್ಟೆ ಎತ್ತಿಕೊಂಡು, ಈಗಿನಿಂದಲೇ ಕಿಟಕಿಯ ಕಡೆಗೆ ಸರಿದು ಕೂತ.