ರಾಗಿಯ ಹಿಂದೆ ಜೋಳ

ಆಗೆಲ್ಲ ಹೊಸ ತಿಪ್ಪಸಂದ್ರದಲ್ಲಿ ಭಾನುವಾರವೆಂದರೆ ಹಿಟ್ಟಿನ ಗಿರಣಿಯ ವಾರ. ಆ ಕತ್ತಲು ಅಂಗಡಿಯ ಮುಂದೆ ಬೆಳಗ್ಗೆ ಎಂಟಕ್ಕೇ ಡಬ್ಬಿಗಳ ಸಾಲು. ಬಿಸಿ ಹಿಟ್ಟಿನ ವಾಸನೆ ಬೀದಿಯ ತುದಿಯವರೆಗೂ ಬರುತ್ತಿತ್ತು. ಡಬ್ಬಿಯನ್ನು ಸಾಲಿಗೆ ಹಚ್ಚಿ ನಾವು ಮಕ್ಕಳು ಪಕ್ಕದ ಸಂದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆವು. ಮನೆಗೆ ಮರಳುವಾಗ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿರುತ್ತಿದ್ದವು.

ನಾವು ಗದಗಿನ ಕಡೆಯವರು. ಅಪ್ಪ ವಿಮಾನ ಕಾರ್ಖಾನೆಯ ಕೆಲಸಕ್ಕೆಂದು ಬಂದು ಇಲ್ಲೊಂದು ಮಹಡಿ ಮನೆ ಹಿಡಿದಿದ್ದರು. ಬೀದಿಯವರೆಲ್ಲ ಹೆಚ್ಚಾಗಿ ರಾಗಿ ತರುತ್ತಿದ್ದರು. ಜೋಳದ ಡಬ್ಬಿ ನಮ್ಮದೊಂದೇ. ಗಿರಣಿಗೊಂದು ಕಟ್ಟಳೆಯಿತ್ತು. ಮೊದಲು ಅಕ್ಕಿ, ಗೋಧಿ, ಜೋಳದಂಥ ಬಿಳಿ ಕಾಳು. ಕಲ್ಲಿಗೆ ಒಮ್ಮೆ ರಾಗಿ ಬಿತ್ತೆಂದರೆ ಸಾಲಿನಲ್ಲಿರುವ ರಾಗಿಯೆಲ್ಲ ಮುಗಿಯಬೇಕು. ಆಮೇಲೆ ಯಂತ್ರ ಬಿಚ್ಚಿ ಒರೆಸಿದರೆ ಮಾತ್ರ ಮತ್ತೆ ಬಿಳಿ ಕಾಳಿನ ಸರದಿ. ಇಲ್ಲದಿದ್ದರೆ ಜೋಳದ ಹಿಟ್ಟು ಕಪ್ಪಾಗುತ್ತಿತ್ತು.

ನನಗಾಗ ಹತ್ತು ವರ್ಷ. ಮರುದಿನ ಅವ್ವ ಹೊಟ್ಟೆಯ ಆಪರೇಷನ್ನಿಗೆ ಆಸ್ಪತ್ರೆ ಸೇರಬೇಕಿತ್ತು. ಎಂಟು ದಿನ ನನಗೂ ಅಪ್ಪನಿಗೂ ಸಾಕಾಗುವಷ್ಟು ಖಡಕ್ ರೊಟ್ಟಿ ಬಡಿದಿಟ್ಟೇ ಹೋಗುತ್ತೇನೆಂದು ಅವಳ ಹಟ. ಅಪ್ಪ ಪಾಳಿಗೆ ಹೋಗಿದ್ದರು.

“ಹನ್ನೊಂದರೊಳಗ ಹಿಟ್ಟು ತಂದಿ ಅಂದ್ರ ಎರಡಕ್ಕ ಬಡದು ಮುಗಿಸ್ತೀನಿ,” ಎಂದಳು. “ಆಮ್ಯಾಲೆ ನಾವಿಬ್ಬರೂ ಹಲಸೂರು ಕೆರಿಗೆ ಹೋಗಿ ದೋಣಿ ಹತ್ತೂಣು.”

ಅವಳು ದೋಣಿ ಹತ್ತಿದವಳೇ ಅಲ್ಲ. ಬಸ್ಸಿನ ಕಿಟಕಿಯಿಂದ ಆ ಕೆರೆ ಕಂಡಾಗಲೆಲ್ಲ ಕತ್ತು ತಿರುಗಿಸಿ ನೋಡುತ್ತಿದ್ದಳು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವಳ ನೀಲಿ ಸೀರೆಗೆ ಇಸ್ತ್ರಿ ಹಾಕಿಸಿ ತಂದೆ, ಒಂದು ಮೊಳ ಕನಕಾಂಬರ ತಂದೆ, ದಾರಿಯಲ್ಲಿ ಬೇಕರಿಯ ಬೆಣ್ಣೆ ಬಿಸ್ಕತ್ತು ತಿಂದೆ, ಆಮೇಲೆ ಡಬ್ಬಿ ಹೊತ್ತು ಗಿರಣಿಗೆ ಹೋದೆ.

ನನ್ನ ಸರದಿ ಬಂದಾಗ ಹತ್ತೂವರೆ. ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ನನ್ನ ಭುಜ ತಟ್ಟಿದರು.

“ಕಾಲು ತುಂಬಾ ನೋಯ್ತೈತೆ ಕಂದ, ನನ್ನ ಮುಂದಕ್ಕೆ ಬಿಡ್ತೀಯಾ?”

ಬಿಟ್ಟೆ. ಒಳ್ಳೆಯ ಹುಡುಗಿ ಅನ್ನಿಸಿಕೊಳ್ಳುವ ಚಪಲ ನನಗೆ ಮೊದಲಿನಿಂದಲೂ ಇತ್ತು. ಅಜ್ಜಿ ತಲೆ ಸವರಿದರು, ನಾನು ಉಬ್ಬಿಹೋದೆ. ಅವರ ಡಬ್ಬಿಯಲ್ಲಿ ರಾಗಿಯಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಣಿಯವರು ಅದನ್ನು ಸುರಿದಾಗಿತ್ತು.

“ಅಣ್ಣಾ, ನಂದು ಜೋಳ,” ಎಂದೆ.

“ಮೊದ್ಲೇ ಹೇಳ್ಬಾರ್ದಾ ಪುಟ್ಟಿ? ಹಿಂದೆ ಇನ್ನೂ ಏಳು ರಾಗಿ ಡಬ್ಬಿ ಐತೆ. ಅದೆಲ್ಲ ಮುಗಿಸಿ, ಊಟ ಮಾಡ್ಕೊಂಡ್ ಬಂದು, ಮಿಷನ್ ಒರೆಸಿ ಹಾಕ್ಕೊಡ್ತೀನಿ. ಕೂತ್ಕೊ.”

ಹಿಟ್ಟು ಕೈಗೆ ಬಂದಾಗ ಎರಡೂವರೆ. ಅವ್ವ ಮಹಡಿಯ ಕಟಾಂಜನದ ಕಂಬಿ ಹಿಡಿದು ದಾರಿ ಕಾಯುತ್ತಿದ್ದಳು. ನಡೆದದ್ದನ್ನೆಲ್ಲ ಬಿಕ್ಕುತ್ತ ಹೇಳಿದೆ.

“ಅಳಬ್ಯಾಡ. ವಯಸ್ಸಾದವ್ರಿಗೆ ಜಾಗಾ ಬಿಟ್ಟೀದಿ, ಛಲೋ ಆತು. ದೋಣಿ ಎಲ್ಲಿ ಹೋಗ್ತೈತಿ? ನಾ ಬಂದಮ್ಯಾಲೆ ಹೋಗೂಣು.” ನೀಲಿ ಸೀರೆಯನ್ನು ಬೀರುವಿನೊಳಗಿಟ್ಟು ಒಲೆ ಹಚ್ಚಿದಳು.

ತಪ್ಪು ನನ್ನದು, ಮುನಿಸು ಮಾತ್ರ ಅವಳ ಮೇಲೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು, ಜೋಳ ಬೇಯುವ ಘಮ.

“ಬಾರ ನನ್ನವ್ವ, ಬಿಸಿ ರೊಟ್ಟಿಗೆ ಬೆಣ್ಣಿ ಹಚ್ಚೇನಿ. ನನ್ನ ಬಾಜೂಕ ಕುಂಡ್ರು,” ಎಂದು ಕರೆದಳು. ನಾನು ಓಗೊಡಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಕರೆದಳು. ಕೇಳಿಸದವಳಂತೆ ಕೂತೆ. ದೀಪ ಹಚ್ಚುವ ಹೊತ್ತಿಗೆ ಬಡಿಯುವ ಸದ್ದು ನಿಂತಿತು. ಬೆಳಿಗ್ಗೆ ನಾನು ಏಳುವ ಮೊದಲೇ ಅಪ್ಪ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು.

ಎಂಟು ದಿನಕ್ಕೆ ಬರಬೇಕಿದ್ದವಳು ಐದನೆಯ ದಿನವೇ ಬಂದಳು, ಬಿಳಿ ಬಟ್ಟೆ ಹೊದ್ದು. ಅವಳು ಹೋದ ಮೇಲೂ ಬುಟ್ಟಿಯಲ್ಲಿ ರೊಟ್ಟಿ ಉಳಿದಿದ್ದವು. ಅಪ್ಪ ಮತ್ತು ನಾನು ಅವನ್ನೇ ಮುರಿದು ತಿಂದೆವು. ಕೊನೆಯದನ್ನು ಅಪ್ಪ ನನಗೇ ಕೊಟ್ಟರು. ತಿಂದೆ, ಹಸಿವಾಗಿತ್ತು.

ಈಗ ಆ ಗಿರಣಿಯ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ಜೋಳದ ಹಿಟ್ಟೇನು, ಬಡಿದ ರೊಟ್ಟಿಯೇ ಪೊಟ್ಟಣದಲ್ಲಿ ಮನೆ ಬಾಗಿಲಿಗೆ ಬರುತ್ತದೆ. ಬಹಳ ವರ್ಷ ನನಗೆ ಆ ಅಜ್ಜಿಯ ಮೇಲೆ ಸಿಟ್ಟಿತ್ತು. ಯಾವ ಸಾಲಿನಲ್ಲೂ ಯಾರಿಗೂ ಜಾಗ ಬಿಡುತ್ತಿರಲಿಲ್ಲ. ಈಗ ಆ ಸಿಟ್ಟಿಲ್ಲ. ಅಜ್ಜಿಯಿಂದ ನಾನು ಕಳೆದುಕೊಂಡದ್ದು ಒಂದು ದೋಣಿಯ ಸುತ್ತು. ಆ ಸಂಜೆ ಅವ್ವ ಮೂರು ಗಂಟೆ ಹೊತ್ತು ಒಳಗಿದ್ದಳು. ಪಕ್ಕದಲ್ಲಿ ಬಂದು ಕೂರು ಎಂದು ಎರಡು ಸಲ ಕರೆದಿದ್ದಳು. ಆ ಮೂರು ಗಂಟೆಯನ್ನು ಯಾರೂ ಕಸಿಯಲಿಲ್ಲ, ನಾನೇ ಬಿಟ್ಟುಕೊಟ್ಟೆ.